ಸಣ್ಣ ಉದ್ಯಮಗಳ ನೌಕರರ ಆರೋಗ್ಯವಿಮೆ: ಅಮೆರಿಕದ ರಾಜ್ಯಶಾಸನಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಸಾಮಾನ್ಯವಾಗಿ ಐವತ್ತಕ್ಕೆ ಮೀರದ ನೌಕರರನ್ನಿಟ್ಟುಕೊಂಡು ನಡೆಯುವ ಅಂಗಡಿ, ಹೋಟೆಲು, ಬೇಕರಿ, ಸಣ್ಣ ಕಾರ್ಖಾನೆ ಮೊದಲಾದ ಉದ್ಯಮಗಳಲ್ಲಿ ದುಡಿಯುವವರಿಗೆ ಅವರ ಶಕ್ತಿಗೆ ನಿಲುಕುವ ಕಂತಿನಲ್ಲಿ ಆರೋಗ್ಯವಿಮೆ ದೊರೆಯುವಂತೆ ಮಾಡಲು ಆಯಾ ರಾಜ್ಯಗಳ ಶಾಸನಸಭೆಗಳು 1970ರ ದಶಕದಿಂದೀಚೆಗೆ ರಚಿಸಿದ ಕಾಯಿದೆಗಳನ್ನೂ ಅವುಗಳ ಫಲಾಫಲಗಳನ್ನೂ ಈ ಲೇಖನದಲ್ಲಿ ನಿರೂಪಿಸಲಾಗಿದೆ. ಈ ಶಾಸನಗಳು ರೂಪದಲ್ಲಿ ಪರಸ್ಪರ ಭಿನ್ನವಾದರೂ ಅವೆಲ್ಲವೂ ಒಂದೇ ಪ್ರಶ್ನೆಯ ಸುತ್ತ ಬೆಳೆದವು: ರೋಗವೆಂಬ ಅನಿಶ್ಚಿತವಾದ ಭಾರವನ್ನು ಹೊರಲು ಹತ್ತು ಮಂದಿಯ ಗುಂಪಿಗೆ ಸ್ವಭಾವತಃ ಬಲ ಸಾಲದಿರುವಾಗ, ಅದನ್ನು ಎಷ್ಟು ಜನರ ಹೆಗಲಿಗೆ, ಯಾವ ನ್ಯಾಯದಿಂದ, ಯಾರ ಹಣದಿಂದ ಹಂಚತಕ್ಕದ್ದು?

ಹಿನ್ನೆಲೆ

ಉದ್ಯೋಗಕ್ಕೂ ಆರೋಗ್ಯವಿಮೆಗೂ ಅಮೆರಿಕದಲ್ಲಿ ಬಿದ್ದಿರುವ ಗಂಟು ಯಾರೊಬ್ಬರೂ ಯೋಚಿಸಿ ಹಾಕಿದ್ದಲ್ಲ. ಕಾಲದ ಒತ್ತಡದಿಂದ ತಾನಾಗಿ ಬಿದ್ದದ್ದು. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಯ್ಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯು ಅಲ್ಲಿನ ಶಾಲಾ ಉಪಾಧ್ಯಾಯರಿಗಾಗಿ ಒಂದು ಏರ್ಪಾಟನ್ನು ಮಾಡಿತು. ತಿಂಗಳಿಗೆ 50 ಸೆಂಟುಗಳನ್ನು ಮುಂಗಡವಾಗಿ ಕೊಟ್ಟವರಿಗೆ, ಕಾಯಿಲೆ ಬಿದ್ದಾಗ 21 ದಿನಗಳ ಆಸ್ಪತ್ರೆವಾಸವನ್ನು ಒದಗಿಸುವುದೇ ಈ ಏರ್ಪಾಟು. ಜಸ್ಟಿನ್ ಫೋರ್ಡ್ ಕಿಂಬಲ್ ಯೋಜಿಸಿದ ಈ ಪದ್ಧತಿಯೇ ಮುಂದೆ ‘ಬ್ಲೂ ಕ್ರಾಸ್’ ಸಂಸ್ಥೆಗಳ ಬೀಜವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಶಾಸನದಂತೆ ವೇತನಗಳನ್ನು ಏರಿಸಕೂಡದೆಂದು ಸರ್ಕಾರ ನಿರ್ಬಂಧಿಸಿದಾಗ, ವಿಮೆಯ ಸೌಲಭ್ಯವನ್ನು ಆ ನಿರ್ಬಂಧದಿಂದ ಹೊರಗಿಟ್ಟುದರಿಂದ, ಕೆಲಸಗಾರರನ್ನು ಆಕರ್ಷಿಸಬೇಕಾಗಿದ್ದ ಮಾಲೀಕರು ಸಂಬಳದ ಬದಲು ವಿಮೆಯನ್ನು ಮುಂದೊಡ್ಡಿದರು. 1954ರ ಆದಾಯ ತೆರಿಗೆ ಸಂಹಿತೆಯು ಮಾಲೀಕನು ನೌಕರನ ವಿಮೆಗಾಗಿ ತೆರುವ ಹಣಕ್ಕೆ ತೆರಿಗೆಯಿಲ್ಲವೆಂದು ಸ್ಪಷ್ಟಪಡಿಸಿ ಈ ಗಂಟನ್ನು ಬಿಗಿಗೊಳಿಸಿತು. ಸಾವಿರಾರು ಜನ ದುಡಿಯುವ ಕಂಪನಿಗಳಿಗೆ ಇದು ವರವಾಯಿತು. ಬೀದಿಯ ಮೂಲೆಯ ಬೇಕರಿಗಾದರೋ ಅದೇ ವ್ಯವಸ್ಥೆ ವರ್ಷವರ್ಷವೂ ಎದುರಾಗುವ ಸಂಕಟವಾಯಿತು.

ಸಮಸ್ಯೆಯ ಸ್ವರೂಪ

ಹತ್ತು ಮಂದಿ ಕೆಲಸ ಮಾಡುವ ಒಂದು ಬೇಕರಿಯನ್ನು ಕಲ್ಪಿಸಿಕೊಂಡರೆ ಈ ಸಂಕಟದ ಮೂಲ ತಿಳಿಯುತ್ತದೆ. ಮುಂಜಾನೆ ಮೂರು ಗಂಟೆಗೆದ್ದು ಹಿಟ್ಟು ನಾದುವ ಹತ್ತು ಜನರಲ್ಲಿ ಒಬ್ಬಳಿಗೆ ಅವಧಿಗೆ ಮುನ್ನ ಹೆರಿಗೆಯಾಗಿ, ಮಗುವಿನ ಚಿಕಿತ್ಸೆಗೆ ಒಂದು ಲಕ್ಷ ಡಾಲರು ಖರ್ಚಾಯಿತೆನ್ನೋಣ. ಆ ವೆಚ್ಚವನ್ನು ಆ ಹತ್ತು ಮಂದಿಯೇ ಹಂಚಿಕೊಳ್ಳಬೇಕಾದರೆ ತಲೆಗೆ 10,000 ಡಾಲರು ಬೀಳುತ್ತದೆ. ಒಂದು ಲಕ್ಷ ಜನರಿರುವ ಗುಂಪಿನಲ್ಲಿ ಅದೇ ವೆಚ್ಚ ತಲೆಗೆ ಒಂದೇ ಡಾಲರು. ಶಾಸನದ ಕಡಿವಾಣವಿಲ್ಲದಿದ್ದ ಕಾಲದಲ್ಲಿ ಮರುವರ್ಷ ವಿಮಾ ಕಂಪನಿಯಿಂದ ಬರುತ್ತಿದ್ದ ನವೀಕರಣದ ಕಾಗದದಲ್ಲಿ ಕಂತು ಇಮ್ಮಡಿಯಾಗಿರುವುದು, ಇಲ್ಲವೆ ಆ ತಾಯಿಮಕ್ಕಳನ್ನು ವಿಮೆಯಿಂದ ಹೊರಗಿಟ್ಟಿರುವುದು, ಅದೂ ಇಲ್ಲವೆ ಇಡೀ ಗುಂಪನ್ನೇ ನಿರಾಕರಿಸಿರುವುದು ಅಪರೂಪವಾಗಿರಲಿಲ್ಲ. ಜೊತೆಗಾರ್ತಿಯ ಮಗು ಬದುಕಿತೆಂದು ಸಂತೋಷಪಡಬೇಕಾದ ಒಂಬತ್ತು ಮಂದಿ ಆ ಮಗುವಿನಿಂದಲೇ ತಮ್ಮ ಕಂತು ಏರಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವಂತೆ ಮಾಡುವ ವ್ಯವಸ್ಥೆಯು ಮಾನವಸಂಬಂಧವನ್ನೇ ಕೆಡಿಸತಕ್ಕದ್ದು. ಈ ವಿಷಯದಲ್ಲಿ ಶಾಸನದ ಪ್ರವೇಶಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಾಗಿಲ್ಲ.

ಇದರೊಡನೆ ಇನ್ನೆರಡು ಕಾರಣಗಳೂ ಸೇರಿದವು. ಪತ್ರವ್ಯವಹಾರ, ಏಜೆಂಟರ ದಲಾಲಿ, ಲೆಕ್ಕಪತ್ರ ಮುಂತಾದ ಆಡಳಿತವೆಚ್ಚವು ಸಣ್ಣ ಗುಂಪಿನಲ್ಲಿ ತಲಾವಾರು ಹೆಚ್ಚಾಗುವುದು ಒಂದು. ಬಲಾಢ್ಯ ಕಂಪನಿಗಳಂತೆ ದರಕ್ಕಾಗಿ ಚೌಕಾಸಿ ಮಾಡುವ ಶಕ್ತಿ ಸಣ್ಣ ಮಾಲೀಕನಿಗೆ ಇಲ್ಲದಿರುವುದು ಇನ್ನೊಂದು. ಕೈಸರ್ ಕುಟುಂಬ ಪ್ರತಿಷ್ಠಾನದ ಸಮೀಕ್ಷೆಯಂತೆ 2023ರಲ್ಲಿ, ಉದ್ಯೋಗದ ಮೂಲಕ ಪಡೆಯುವ ಕುಟುಂಬವಿಮೆಯ ಸರಾಸರಿ ವಾರ್ಷಿಕ ಕಂತು 23,968 ಡಾಲರಿನಷ್ಟಿತ್ತು. 3ರಿಂದ 199 ನೌಕರರಿರುವ ಸಂಸ್ಥೆಗಳಲ್ಲಿ ವಿಮೆಯನ್ನು ನೀಡುತ್ತಿದ್ದವು ಶೇಕಡ 53 ಮಾತ್ರ.

ರಾಜ್ಯಗಳ ಅಧಿಕಾರ ಮತ್ತು ಅದರ ಮೇರೆ

ವಿಮಾವ್ಯಾಪಾರವು ಅಂತರರಾಜ್ಯ ವಾಣಿಜ್ಯವೆಂದು 1944ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮರುವರ್ಷವೇ, ಕಾಂಗ್ರೆಸ್ಸು ಮ್ಯಾಕ್‌ಕ್ಯಾರನ್–ಫರ್ಗ್ಯುಸನ್ ಕಾಯಿದೆಯ ಮೂಲಕ ವಿಮೆಯ ನಿಯಂತ್ರಣವನ್ನು ರಾಜ್ಯಗಳಿಗೇ ಬಿಟ್ಟುಕೊಟ್ಟಿತು. ಆದರೆ 1974ರ ಸೆಪ್ಟೆಂಬರ್ 2ರಂದು ಅಂಗೀಕಾರ ಪಡೆದ ‘ಎರಿಸಾ’ ಎಂಬ ಸಂಕ್ಷಿಪ್ತನಾಮದ ನೌಕರರ ನಿವೃತ್ತಿ ಆದಾಯ ಭದ್ರತಾ ಕಾಯಿದೆಯು, ಮಾಲೀಕರು ನೌಕರರಿಗಾಗಿ ನಡೆಸುವ ಸೌಲಭ್ಯ ಯೋಜನೆಗಳನ್ನು ಕುರಿತ ರಾಜ್ಯಶಾಸನಗಳಿಗಿಂತ ಕೇಂದ್ರಶಾಸನವೇ ಮೇಲೆಂದು ವಿಧಿಸಿತು. ಇದರ ಫಲವಾಗಿ ಒಂದು ವಿಚಿತ್ರವಾದ ಗಡಿ ಏರ್ಪಟ್ಟಿತು. ವಿಮಾ ಕಂಪನಿಯು ಎಂಥ ವಿಮೆಯನ್ನು ಯಾವ ದರಕ್ಕೆ ಮಾರಬೇಕೆಂದು ರಾಜ್ಯವು ವಿಧಿಸಬಹುದು. ಮಾಲೀಕನು ವಿಮೆಯನ್ನು ಕೊಡಲೇಬೇಕೆಂದು ಮಾತ್ರ ವಿಧಿಸುವಂತಿಲ್ಲ. ದೊಡ್ಡ ಕಂಪನಿಗಳು ತಮ್ಮ ನೌಕರರ ವೈದ್ಯವೆಚ್ಚವನ್ನು ತಾವೇ ವಹಿಸಿಕೊಂಡು ರಾಜ್ಯದ ವಿಮಾನಿಯಮಗಳಿಂದಲೂ ಪಾರಾದುದರಿಂದ, ಆ ನಿಯಮಗಳ ರಕ್ಷಣೆಯೂ ಅವುಗಳ ಭಾರವೂ ಬಹುಮಟ್ಟಿಗೆ ಸಣ್ಣ ಉದ್ಯಮಗಳ ಪಾಲಿಗೇ ಉಳಿದವು.

ಹವಾಯಿಯ ಕಡ್ಡಾಯ ಶಾಸನ (1974)

ಈ ಗಡಿಯಿಂದ ತಪ್ಪಿಸಿಕೊಂಡ ಏಕೈಕ ರಾಜ್ಯ ಹವಾಯಿ. ಕಬ್ಬು ಅನಾನಸುಗಳ ತೋಟಗಳಲ್ಲಿ ಕೂಲಿಗಳಿಗೆ ತೋಟದ ವೈದ್ಯನಿರುವ ವಾಡಿಕೆಯೂ, ಬಲವಾದ ಕಾರ್ಮಿಕ ಸಂಘಗಳೂ ಮೊದಲೇ ಇದ್ದ ಈ ದ್ವೀಪಸಮೂಹದಲ್ಲಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರಜ್ಞ ಸ್ಟೀಫನ್ ರೀಸನ್‌ಫೆಲ್ಡ್ 1971ರಲ್ಲಿ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ, 1974ರ ಜೂನ್ 12ರಂದು ಮುಂಗಡ ಆರೋಗ್ಯರಕ್ಷಣಾ ಕಾಯಿದೆ ಅಂಗೀಕೃತವಾಯಿತು. ಎಂದರೆ ಎರಿಸಾ ಹುಟ್ಟುವುದಕ್ಕೆ ಸುಮಾರು ಮೂರು ತಿಂಗಳು ಮುಂಚೆ. ವಾರಕ್ಕೆ 20 ಗಂಟೆಗಳಿಗೆ ಕಡಮೆಯಿಲ್ಲದಂತೆ ನಾಲ್ಕು ವಾರ ಸತತವಾಗಿ ದುಡಿದ ನೌಕರನಿಗೆ ಮಾಲೀಕನು ವಿಮೆಯನ್ನು ಒದಗಿಸತಕ್ಕದ್ದು. ಒಬ್ಬನೇ ನೌಕರನಿದ್ದರೂ ವಿನಾಯಿತಿಯಿಲ್ಲ. ನೌಕರನಿಂದ ವಸೂಲು ಮಾಡತಕ್ಕ ಭಾಗವು ಕಂತಿನ ಅರ್ಧವನ್ನಾಗಲಿ ಅವನ ವೇತನದ ಶೇಕಡ 1.5ನ್ನಾಗಲಿ, ಯಾವುದು ಕಡಮೆಯೋ ಅದನ್ನು, ಮೀರಕೂಡದು. ತಿಂಗಳಿಗೆ 3,000 ಡಾಲರು ಸಂಪಾದಿಸುವ ಹೋಟೆಲು ಕೆಲಸಗಾರ್ತಿಯ ಸಂಬಳದಿಂದ 45 ಡಾಲರಿಗಿಂತ ಹೆಚ್ಚು ಹಿಡಿಯಲಾಗದೆಂದು ಇದರ ತಾತ್ಪರ್ಯ. ಎಂಟಕ್ಕಿಂತ ಕಡಮೆ ನೌಕರರುಳ್ಳ ಮಾಲೀಕನಿಗೆ ಕಂತಿನ ಹೊರೆ ಮಿತಿಮೀರಿದಾಗ ನೆರವಾಗಲು ಒಂದು ಪೂರಕ ನಿಧಿಯನ್ನೂ ಕಾಯಿದೆ ಏರ್ಪಡಿಸಿತು.

ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಹೂಡಿದ ದಾವೆಯಲ್ಲಿ 1980ರಲ್ಲಿ ಮೇಲ್ಮನವಿ ನ್ಯಾಯಾಲಯವೂ 1981ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಶಾಸನ ಎರಿಸಾಕ್ಕೆ ವಿರುದ್ಧವೆಂದು ಹೇಳಿದುವಾದರೂ, 1983ರಲ್ಲಿ ಕಾಂಗ್ರೆಸ್ಸು ಹವಾಯಿಗೆ ವಿಶೇಷ ವಿನಾಯಿತಿಯನ್ನಿತ್ತಿತು. ಆದರೆ ಕಾಯಿದೆಯ ಮೂಲಸ್ವರೂಪವನ್ನು ಗಣನೀಯವಾಗಿ ಬದಲಿಸಕೂಡದೆಂಬ ಷರತ್ತು ಅದರ ಬೆನ್ನಿಗಿತ್ತು. ಹೀಗಾಗಿ ಶಾಸನವು ಉಳಿಯಿತು, ಬೆಳೆಯಲಿಲ್ಲ. ಇಪ್ಪತ್ತು ಗಂಟೆಗಿಂತ ಕಡಮೆ ಅವಧಿಯ ಕೆಲಸಗಳು ಅಲ್ಲಿ ಸ್ವಲ್ಪಮಟ್ಟಿಗೆ ಹೆಚ್ಚಿದುದನ್ನು ಅರ್ಥಶಾಸ್ತ್ರಜ್ಞರು ಗುರುತಿಸಿದ್ದಾರೆ. ಈ ದೋಷ ನಿಜವಾದರೂ, ವಿಮೆಯಿಲ್ಲದವರ ಪ್ರಮಾಣವು ದೇಶದಲ್ಲೆಲ್ಲ ಅತಿ ಕಡಮೆಯಿರುವ ರಾಜ್ಯಗಳ ಸಾಲಿನಲ್ಲಿ ಹವಾಯಿ ದೀರ್ಘಕಾಲದಿಂದ ನಿಂತಿರುವುದೂ ಅಷ್ಟೇ ನಿಜ.

ಹವಾಯಿಯ ಹಾದಿಯನ್ನು ಹಿಡಿಯಲು ಬಯಸಿದ ಇತರ ರಾಜ್ಯಗಳ ಪ್ರಯತ್ನಗಳು ಫಲಿಸಲಿಲ್ಲ. ಗವರ್ನರ್ ಮೈಕೆಲ್ ಡುಕಾಕಿಸ್ ಅವರ ಕಾಲದಲ್ಲಿ, 1988ರಲ್ಲಿ, ಮ್ಯಾಸಚೂಸೆಟ್ಸ್ ಮಾಡಿದ ಕಾಯಿದೆಯ ಮಾಲೀಕರ ಭಾಗವು ಜಾರಿಗೆ ಬಾರದೆಯೇ ರದ್ದಾಯಿತು. 1989ರ ಆರೆಗಾನ್ ಶಾಸನವು ಕಾಂಗ್ರೆಸ್ಸಿನ ವಿನಾಯಿತಿ ದೊರೆಯದೆ ಕಾಗದದಲ್ಲೇ ಉಳಿಯಿತು. 1993ರ ವಾಷಿಂಗ್ಟನ್ ಶಾಸನದ ಬಹುಭಾಗವನ್ನು ಎರಡೇ ವರ್ಷಗಳಲ್ಲಿ ತೆಗೆದುಹಾಕಲಾಯಿತು. ಕ್ಯಾಲಿಫೋರ್ನಿಯದಲ್ಲಿ 2003ರಲ್ಲಿ ಅಂಗೀಕೃತವಾದ ಕಾಯಿದೆಯನ್ನು ಮರುವರ್ಷದ ನವೆಂಬರಿನ ಜನಮತಗಣನೆಯಲ್ಲಿ ಮತದಾರರು ಅತ್ಯಲ್ಪ ಅಂತರದಿಂದ ತಳ್ಳಿಹಾಕಿದರು.

ದರ ಮತ್ತು ಪ್ರವೇಶದ ನಿಯಮಗಳು

ಮಾಲೀಕನನ್ನು ಮುಟ್ಟಲಾಗದ ರಾಜ್ಯಗಳು ವಿಮಾ ಕಂಪನಿಗಳತ್ತ ತಿರುಗಿದುವು. 1990ರಲ್ಲಿ ಕನೆಕ್ಟಿಕಟ್ ಮೊದಲ್ಗೊಂಡು, ರಾಜ್ಯಗಳ ವಿಮಾ ಆಯುಕ್ತರ ರಾಷ್ಟ್ರೀಯ ಸಂಘವು ರಚಿಸಿದ ಮಾದರಿ ಕಾಯಿದೆಗಳನ್ನು ಅನುಸರಿಸಿ, ಆ ದಶಕದ ಮಧ್ಯಭಾಗದ ವೇಳೆಗೆ ಹೆಚ್ಚಿನ ರಾಜ್ಯಗಳು ‘ಸಣ್ಣ ಗುಂಪಿನ ಸುಧಾರಣೆ’ ಎನಿಸಿಕೊಂಡ ಶಾಸನಗಳನ್ನು ತಂದುವು. ಕೇಳಿದ ಯಾವ ಸಣ್ಣ ಗುಂಪಿಗೂ ವಿಮೆಯನ್ನು ನಿರಾಕರಿಸಕೂಡದು. ರೋಗದ ನೆಪದಿಂದ ನವೀಕರಣವನ್ನು ತಡೆಯಕೂಡದು. ಮೊದಲೇ ಇದ್ದ ಕಾಯಿಲೆಗೆ ವಿಧಿಸುವ ಕಾಯುವಿಕೆಯ ಅವಧಿಗೆ ಮಿತಿಯಿರಬೇಕು. ಅತಿ ಹೆಚ್ಚಿನ ಮತ್ತು ಅತಿ ಕಡಮೆಯ ಕಂತುಗಳ ನಡುವಣ ಅಂತರವನ್ನು ಕಾನೂನು ಗೊತ್ತುಮಾಡಬೇಕು: ಇವು ಅವುಗಳ ಸಾರ. ಇವುಗಳಲ್ಲಿ ಪ್ರವೇಶದ ಭರವಸೆಯನ್ನು, 2ರಿಂದ 50 ನೌಕರರ ಗುಂಪುಗಳಿಗೆ, 1996ರ ಕೇಂದ್ರ ಕಾಯಿದೆಯು ದೇಶಕ್ಕೆಲ್ಲ ವಿಸ್ತರಿಸಿತು. ಆದರೆ ಕಂತು ಎಷ್ಟಿರಬೇಕೆಂಬುದನ್ನು ಅದು ಮುಟ್ಟಲಿಲ್ಲ. ಬೆಲೆಗೆ ಕಟ್ಟಿಲ್ಲದ ಅಂಗಡಿಯ ಬಾಗಿಲು ತೆರೆದಿದ್ದರೂ ಬಡವನಿಗೆ ಅದು ಮುಚ್ಚಿದ ಬಾಗಿಲೇ.

ಇನ್ನೂ ಮುಂದೆ ಹೋದದ್ದು ನ್ಯೂಯಾರ್ಕ್. 1993ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾಸನದಂತೆ ವಯಸ್ಸು, ಲಿಂಗ, ಆರೋಗ್ಯ, ಕಸುಬು ಯಾವುದನ್ನೂ ಎಣಿಸದೆ ಒಂದು ಪ್ರದೇಶದ ಎಲ್ಲರಿಗೂ ಒಂದೇ ದರ ಕಟ್ಟಬೇಕಾಯಿತು. ‘ಸಮುದಾಯ ದರ’ ಎಂಬ ಈ ತತ್ತ್ವ ಡಲ್ಲಾಸಿನ ಉಪಾಧ್ಯಾಯರ ಕಾಲದ್ದೇ. ಯುವಕರು ಕಂತು ಏರಿತೆಂದು ಬಿಟ್ಟುಹೋಗಿ, ರೋಗಿಗಳಷ್ಟೇ ಉಳಿದು, ಕಂತು ಮತ್ತೂ ಏರಿ ವ್ಯವಸ್ಥೆ ಕುಸಿಯುವುದೆಂದು ವಿರೋಧಿಗಳು ಎಚ್ಚರಿಸಿದ್ದರು. ಪೆನ್ಸಿಲ್ವೇನಿಯ ಮತ್ತು ಕನೆಕ್ಟಿಕಟ್‌ಗಳೊಡನೆ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಿಗೆ ಸಣ್ಣ ಗುಂಪುಗಳಲ್ಲಿ ಅಂಥ ಕುಸಿತ ಕಾಣಲಿಲ್ಲ. ಜನರು ವೈದ್ಯರ ಆಯ್ಕೆಗೆ ಕಟ್ಟುಪಾಡುಳ್ಳ ಅಗ್ಗದ ಯೋಜನೆಗಳತ್ತ ಸರಿದುದು ಮಾತ್ರ ಕಂಡಿತು.

ಖರೀದಿ ಒಕ್ಕೂಟಗಳು

ಹನಿಗೂಡಿದರೆ ಹಳ್ಳವೆಂಬ ನಂಬಿಕೆಯಿಂದ ಸಣ್ಣ ಮಾಲೀಕರನ್ನು ಒಟ್ಟುಗೂಡಿಸಿ ದೊಡ್ಡ ಗಿರಾಕಿಯನ್ನಾಗಿ ಮಾಡುವ ಪ್ರಯತ್ನಗಳೂ ನಡೆದುವು. ಇವುಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯದ್ದು. 1992ರ ಶಾಸನದಂತೆ ಏರ್ಪಟ್ಟು 1993ರ ಜುಲೈ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಈ ಸಂಸ್ಥೆಯು, ಮೊದಲು 5ರಿಂದ 50 ನೌಕರರಿರುವ ಉದ್ಯಮಗಳಿಗೆ ಹಲವು ವಿಮಾ ಯೋಜನೆಗಳನ್ನು ಒಂದೇ ಕಡೆ ಇಟ್ಟು ತೋರಿಸಿ, ಪ್ರತಿಯೊಬ್ಬ ನೌಕರನೂ ತನಗೊಪ್ಪುವುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟಿತು. ಸಣ್ಣ ಅಂಗಡಿಯ ಕೆಲಸಗಾರನಿಗೆ ಅದುವರೆಗೆ ಅಂಥ ಸ್ವಾತಂತ್ರ್ಯ ಕಂಡರಿಯದದ್ದು. 1999ರಲ್ಲಿ ಖಾಸಗಿ ಸಂಘವೊಂದರ ಕೈಸೇರಿ ‘ಪ್ಯಾಕ್‌ಅಡ್ವಾಂಟೇಜ್’ ಎಂಬ ಹೆಸರನ್ನು ಪಡೆದ ಈ ಒಕ್ಕೂಟವು, ವಿಮಾ ಕಂಪನಿಗಳು ಒಂದೊಂದಾಗಿ ಕಳಚಿಕೊಂಡುದರಿಂದ, 2006ರ ಕೊನೆಯಲ್ಲಿ ಮುಚ್ಚಿಹೋಯಿತು.

ಅದರ ಅವಸಾನದ ಕಾರಣ ಬೋಧಪ್ರದವಾದುದು. ಒಕ್ಕೂಟದ ಹೊರಗೂ ವಿಮೆ ದೊರೆಯುತ್ತಿದ್ದುದರಿಂದ, ಆರೋಗ್ಯವಂತರ ಗುಂಪುಗಳಿಗೆ ಹೊರಗೆ ಅಗ್ಗದ ದರ ಸಿಕ್ಕಿತು. ಕಾಯಿಲೆಯವರಿದ್ದ ಗುಂಪುಗಳು ಒಕ್ಕೂಟಕ್ಕೆ ಬಂದುವು. ಸೇರುವುದೂ ಬಿಡುವುದೂ ಇಚ್ಛಾಧೀನವಾಗಿರುವ ಯಾವ ಕೂಟದಲ್ಲಿಯೂ ಒಳಗಿನವರ ಹಣೆಬರಹವನ್ನು ನಿರ್ಣಯಿಸುವವರು ಹೊರಗುಳಿದವರೇ. ವಿಮಾಶಾಸ್ತ್ರದಲ್ಲಿ ‘ಪ್ರತಿಕೂಲ ಆಯ್ಕೆ’ ಎನಿಸುವ ಈ ನಿಯಮವನ್ನು ಮರೆತ ಶಾಸನಗಳಿಗೆಲ್ಲ ಇದೇ ಗತಿಯಾಯಿತು.

ರಾಜ್ಯದ ಬೊಕ್ಕಸದಿಂದ ನೆರವು

ಮೂರನೆಯ ಮಾರ್ಗವು ಹಣದ್ದು. 2001ರ ಜನವರಿಯಲ್ಲಿ ಆರಂಭವಾದ ‘ಹೆಲ್ತಿ ನ್ಯೂಯಾರ್ಕ್’ ಯೋಜನೆಯಲ್ಲಿ ರಾಜ್ಯವು ಮರುವಿಮೆಗಾರನ ಪಾತ್ರವನ್ನು ವಹಿಸಿತು. ಒಬ್ಬ ಸದಸ್ಯನ ವಾರ್ಷಿಕ ವೆಚ್ಚದಲ್ಲಿ 30,000ದಿಂದ 1,00,000 ಡಾಲರಿನವರೆಗಿನ ಭಾಗದ ಶೇಕಡ 90ನ್ನು ರಾಜ್ಯವೇ ವಿಮಾ ಕಂಪನಿಗೆ ತುಂಬಿಕೊಡುತ್ತಿತ್ತು; 2003ರಲ್ಲಿ ಈ ಮಿತಿಗಳನ್ನು 5,000 ಮತ್ತು 75,000ಕ್ಕೆ ಇಳಿಸಲಾಯಿತು. ಪ್ರತಿಯೊಬ್ಬನ ಕಂತಿಗೂ ಚೂರುಚೂರು ಹಣವನ್ನು ಹಂಚುವುದಕ್ಕಿಂತ, ಎಲ್ಲರೂ ಅಂಜುವ ದೊಡ್ಡ ಕಾಯಿಲೆಯ ಹೊರೆಗೆ ಹೆಗಲು ಕೊಡುವುದೇ ಲೇಸೆಂಬ ವಿವೇಕ ಇದರಲ್ಲಿದೆ. ಬೇಕರಿಯ ಮಗುವಿನ ಲಕ್ಷ ಡಾಲರಿನ ಲೆಕ್ಕಕ್ಕೆ ನೇರವಾದ ಉತ್ತರವಿದು.

ಓಕ್ಲಹೋಮದಲ್ಲಿ 2005ರಲ್ಲಿ ಆರಂಭವಾಗಿ ಮುಂದೆ ‘ಇನ್‌ಶೂರ್ ಓಕ್ಲಹೋಮ’ ಎಂದು ಹೆಸರಾದ ಯೋಜನೆಯು, ತಂಬಾಕಿನ ಮೇಲಿನ ತೆರಿಗೆಗೆ ಕೇಂದ್ರದ ಪಾಲನ್ನೂ ಸೇರಿಸಿ, ಕಡಮೆ ಆದಾಯದ ನೌಕರನ ಕಂತಿನಲ್ಲಿ ಶೇಕಡ 60ನ್ನು ಸರ್ಕಾರವೂ 25ನ್ನು ಮಾಲೀಕನೂ 15ನ್ನು ನೌಕರನೂ ಕೊಡುವಂತೆ ಮಾಡಿತು. ತಂಬಾಕು ತೆರಿಗೆಯಿಂದಲೇ ಮೊಂಟಾನ ರಾಜ್ಯವೂ 2ರಿಂದ 9 ನೌಕರರಿರುವ ಅತಿ ಸಣ್ಣ ಉದ್ಯಮಗಳಿಗೆ ನೆರವಿತ್ತಿತು. ಮೇನ್ ರಾಜ್ಯದ ಗವರ್ನರ್ ಜಾನ್ ಬಾಲ್ಡಾಚಿ ಅವರು 2003ರಲ್ಲಿ ತಂದ ‘ಡಿರಿಗೊ’ ಯೋಜನೆಯು ಅದೇ ರಾಜ್ಯದ ಲ್ಯಾಟಿನ್ ಧ್ಯೇಯವಾಕ್ಯದಿಂದ ಹೆಸರನ್ನು ಪಡೆಯಿತು. ‘ನಾನು ದಾರಿ ತೋರುವೆನು’ ಎಂದು ಅದರ ಅರ್ಥ. ಆದರೆ ಆಸ್ಪತ್ರೆಗಳ ವೆಚ್ಚದಲ್ಲಿ ಉಳಿತಾಯವಾದುದೆಷ್ಟು, ಅದಕ್ಕಾಗಿ ವಿಮಾ ಕಂಪನಿಗಳು ತೆರಬೇಕಾದುದೆಷ್ಟು ಎಂಬ ವ್ಯಾಜ್ಯದಲ್ಲಿಯೇ ಅದರ ಶಕ್ತಿ ಸವೆಯಿತು. ಸ್ಥಿರವಾದ ಆದಾಯದ ಮೂಲವಿಲ್ಲದ ಯೋಜನೆಯು ಎಷ್ಟೇ ಸದುದ್ದೇಶದ್ದಾದರೂ ಬಹುಕಾಲ ಬಾಳದೆಂಬುದಕ್ಕೆ ಡಿರಿಗೊ ನಿದರ್ಶನವಾಯಿತು.

ಮ್ಯಾಸಚೂಸೆಟ್ಸ್ (2006)

ಹಿಂದಿನ ಮೂರು ಮಾರ್ಗಗಳನ್ನೂ ಒಂದೆಡೆ ಹೆಣೆದ ಶಾಸನ ಮ್ಯಾಸಚೂಸೆಟ್ಸಿನದು. 2006ರ ಏಪ್ರಿಲ್ 12ರಂದು ಬಾಸ್ಟನ್ನಿನ ಐತಿಹಾಸಿಕ ಫ್ಯಾನ್ಯುಯಲ್ ಭವನದಲ್ಲಿ, ರಿಪಬ್ಲಿಕನ್ ಪಕ್ಷದ ಗವರ್ನರ್ ಮಿಟ್ ರಾಮ್ನಿ, ಡೆಮೊಕ್ರಾಟಿಕ್ ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿಯವರ ಸಮ್ಮುಖದಲ್ಲಿ, ಇದಕ್ಕೆ ಸಹಿ ಹಾಕಿದರು. ವಿಮೆಯನ್ನು ಪಡೆಯುವ ಹೊಣೆಯನ್ನು ಪ್ರತಿಯೊಬ್ಬ ವಯಸ್ಕನ ಮೇಲೂ ಹೊರಿಸಿ, ಬಡವರ ಕಂತಿಗೆ ಸರ್ಕಾರದ ಸಹಾಯವನ್ನು ಕೊಟ್ಟು, ವ್ಯಕ್ತಿಗಳ ವಿಮೆಯನ್ನೂ ಸಣ್ಣ ಗುಂಪುಗಳ ವಿಮೆಯನ್ನೂ ಒಂದೇ ಮಾರುಕಟ್ಟೆಯಾಗಿ ಕೂಡಿಸಿ, ಯೋಜನೆಗಳನ್ನು ತೂಗಿನೋಡಿ ಕೊಳ್ಳಲು ‘ಕನೆಕ್ಟರ್’ ಎಂಬ ಸಾರ್ವಜನಿಕ ಸಂಸ್ಥೆಯನ್ನು ಸ್ಥಾಪಿಸಿದ ಈ ಕಾಯಿದೆಯು, 11 ಅಥವಾ ಅದಕ್ಕೂ ಹೆಚ್ಚು ಪೂರ್ಣಾವಧಿ ನೌಕರರಿದ್ದೂ ವಿಮೆಗೆ ನ್ಯಾಯವಾದ ಪಾಲನ್ನು ಕೊಡದ ಮಾಲೀಕರಿಗೆ, ನೌಕರನೊಬ್ಬನಿಗೆ ವರ್ಷಕ್ಕೆ 295 ಡಾಲರಿನವರೆಗೆ ವಂತಿಗೆಯನ್ನು ಗೊತ್ತುಮಾಡಿತು. ಹತ್ತು ಮತ್ತು ಅದಕ್ಕಿಂತ ಕಡಮೆ ಜನರಿರುವ ಅಂಗಡಿಗಳನ್ನು ಬುದ್ಧಿಪೂರ್ವಕವಾಗಿ ಹೊರಗಿಡಲಾಯಿತು. 2010ರ ವೇಳೆಗೆ ರಾಜ್ಯದಲ್ಲಿ ವಿಮೆಯಿಲ್ಲದವರು ಸುಮಾರು ಶೇಕಡ 2ಕ್ಕೆ ಇಳಿದರು.

ಆದರೆ ಎಲ್ಲರನ್ನೂ ಒಳಗೆ ತಂದುದರಿಂದ ಕಂತಿನ ಏರಿಕೆ ನಿಲ್ಲಲಿಲ್ಲ. 2010ರ ಏಪ್ರಿಲ್ 1ರಂದು ರಾಜ್ಯದ ವಿಮಾ ವಿಭಾಗವು, ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕಂಪನಿಗಳು ಕೋರಿದ್ದ 274 ದರಗಳಲ್ಲಿ 235ನ್ನು ತಿರಸ್ಕರಿಸಿದುದೂ, ಅದೇ ವರ್ಷ ಸಣ್ಣ ಉದ್ಯಮಗಳ ಖರೀದಿ ಸಹಕಾರ ಸಂಘಗಳಿಗೆ ಅವಕಾಶವೀಯುವ ಕಾಯಿದೆ ಬಂದುದೂ ಇದಕ್ಕೆ ಸಾಕ್ಷಿ. ವಿಮೆಯು ವೆಚ್ಚವನ್ನು ಹಂಚುವ ಸಾಧನವೇ ಹೊರತು ಇಳಿಸುವ ಸಾಧನವಲ್ಲ.

2010ರ ಕೇಂದ್ರ ಶಾಸನ ಮತ್ತು ಅನಂತರ

2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಮಾಡಿದ ಕಾಯಿದೆಯು ಮ್ಯಾಸಚೂಸೆಟ್ಸಿನ ಅನುಭವವನ್ನು ದೇಶಕ್ಕೆ ಅನ್ವಯಿಸಿತು. 2014ರಿಂದ ಸಣ್ಣ ಗುಂಪುಗಳ ಕಂತನ್ನು ರೋಗದ ಆಧಾರದ ಮೇಲೆ ಏರಿಸುವಂತಿಲ್ಲ. ವಯಸ್ಕರಲ್ಲಿ ವಯಸ್ಸಿನ ನಿಮಿತ್ತವಾದ ಅಂತರ ಮೂರುಪಟ್ಟನ್ನು ಮೀರುವಂತಿಲ್ಲ. ಐವತ್ತಕ್ಕಿಂತ ಕಡಮೆ ಪೂರ್ಣಾವಧಿ ನೌಕರರಿರುವ ಮಾಲೀಕನು ವಿಮೆ ಕೊಡದಿದ್ದರೆ ದಂಡವಿಲ್ಲ. 25ಕ್ಕಿಂತ ಕಡಮೆಯಿದ್ದು ಸರಾಸರಿ ವೇತನವೂ ಕೆಳಮಟ್ಟದ್ದಾಗಿದ್ದರೆ, ಕಂತಿನಲ್ಲಿ ಅವನು ತೆರುವ ಭಾಗದ ಶೇಕಡ 50ರವರೆಗೆ ತೆರಿಗೆಯ ರಿಯಾಯಿತಿಯುಂಟು. ಆದರೆ ಆ ರಿಯಾಯಿತಿ ಸತತವಾದ ಎರಡು ವರ್ಷಗಳಿಗೆ ಮಾತ್ರ ದೊರೆಯುವುದರಿಂದಲೂ ಲೆಕ್ಕಾಚಾರ ತೊಡಕಿನದಾದುದರಿಂದಲೂ, ಸಣ್ಣ ಉದ್ಯಮಗಳಿಗಾಗಿ ಏರ್ಪಡಿಸಿದ ‘ಶಾಪ್’ ವಿನಿಮಯ ಕೇಂದ್ರಗಳಿಗೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಸಣ್ಣ ಗುಂಪಿನ ಮೇರೆಯನ್ನು ದೇಶದಲ್ಲೆಲ್ಲ 100ಕ್ಕೆ ಏರಿಸಬೇಕೆಂದಿದ್ದ ವಿಧಿಯನ್ನು 2015ರ ಅಕ್ಟೋಬರಿನಲ್ಲಿ ಸಡಿಲಿಸಿ ಆಯ್ಕೆಯನ್ನು ರಾಜ್ಯಗಳಿಗೆ ಬಿಟ್ಟಾಗ, ಕ್ಯಾಲಿಫೋರ್ನಿಯ, ಕೊಲರಾಡೊ, ನ್ಯೂಯಾರ್ಕ್, ವರ್ಮಾಂಟ್ ರಾಜ್ಯಗಳು 100ನ್ನೇ ಉಳಿಸಿಕೊಂಡುವು. ಮೇನ್ ರಾಜ್ಯವು 2023ರ ಆರಂಭದಿಂದ ವ್ಯಕ್ತಿಗಳ ಮತ್ತು ಸಣ್ಣ ಗುಂಪುಗಳ ಮಾರುಕಟ್ಟೆಗಳನ್ನು ಒಂದುಗೂಡಿಸಿತು. ಆರೋಗ್ಯವಂತರ ಗುಂಪುಗಳನ್ನು ನಿಯಮಗಳಿಂದ ಹೊರಗೆ ಸೆಳೆಯುವ ಸ್ವಯಂವಿಮೆಯ ಯೋಜನೆಗಳು ಈಚೆಗೆ ಸಣ್ಣ ಉದ್ಯಮಗಳಲ್ಲಿಯೂ ಹಬ್ಬುತ್ತಿರುವುದು ಹಳೆಯ ತೊಡಕಿನ ಹೊಸ ರೂಪ.

ಭಾರತದ ವ್ಯವಸ್ಥೆಯೊಡನೆ ಹೋಲಿಕೆ

1948ರ ಕಾಯಿದೆಯಂತೆ ಸ್ಥಾಪಿತವಾಗಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟಿತವಾದ ಭಾರತದ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ, ನಮ್ಮ ಕಾರ್ಮಿಕರು ‘ಇಎಸ್‌ಐ’ ಎಂದು ಕರೆಯುವುದರಲ್ಲಿ, ಕಂತು ನಿಂತಿರುವುದು ವೇತನದ ಮೇಲೆ. 2019ರ ಜುಲೈಯಿಂದ ಮಾಲೀಕನದು ಶೇಕಡ 3.25, ನೌಕರನದು 0.75. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವವನ ಹೆಂಡತಿಗೆ ಯಾವ ರೋಗವಿದ್ದರೂ ಅವನ ಕಂತು ಅದರಿಂದ ಒಂದು ಪೈಸೆಯಷ್ಟೂ ಏರುವುದಿಲ್ಲ. ವೇತನದ ಮಿತಿಯಿಂದ ಹೆಚ್ಚು ವೇತನದವರೂ ನೌಕರರ ಸಂಖ್ಯೆಯ ಮಿತಿಯಿಂದ ಅತಿ ಸಣ್ಣ ಅಂಗಡಿಗಳ ಕೆಲಸಗಾರರೂ ಹೊರಗುಳಿಯುವುದು ಇದರ ಕೊರತೆ. ಕರ್ನಾಟಕದ ‘ಯಶಸ್ವಿನಿ’ ಯೋಜನೆ, 2003ರಲ್ಲಿ ಸದಸ್ಯನಿಗೆ ವರ್ಷಕ್ಕೆ 60 ರೂಪಾಯಿಯ ಕಂತಿನಿಂದ ಆರಂಭವಾದಾಗ, ಆಗಲೇ ನೆಲೆಯೂರಿದ್ದ ಸಹಕಾರ ಸಂಘಗಳ ಸದಸ್ಯತ್ವವನ್ನೇ ದೊಡ್ಡ ಗುಂಪಾಗಿ ಬಳಸಿಕೊಂಡಿತು. ಕ್ಯಾಲಿಫೋರ್ನಿಯದ ಒಕ್ಕೂಟವಾದರೋ ಅಂಥ ಗುಂಪನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿತ್ತು.

ಮೌಲ್ಯನಿರ್ಣಯ

ಅರ್ಧ ಶತಮಾನದ ಈ ಶಾಸನಚರಿತ್ರೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಬಾಗಿಲನ್ನು ತೆರೆಯುವ ನಿಯಮವು ಬೆಲೆಯನ್ನು ಕಟ್ಟುವ ನಿಯಮವಿಲ್ಲದೆ ನಿರರ್ಥಕ. ಬೆಲೆಯನ್ನು ಕಟ್ಟುವ ನಿಯಮವು ಆರೋಗ್ಯವಂತರನ್ನೂ ಒಳಗಿರಿಸುವ ನಿಯಮವಿಲ್ಲದೆ ದುರ್ಬಲ. ಇವೆರಡೂ, ಕೊಡಲಾರದವನಿಗೆ ಸ್ಥಿರವಾದ ಮೂಲದಿಂದ ಹಣದ ನೆರವಿಲ್ಲದಿದ್ದರೆ, ಕ್ರೂರ. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದ ರಾಜ್ಯಗಳು ಎಡವಿದುವು; ಮೂರನ್ನೂ ಹಿಡಿದ ರಾಜ್ಯವು ವಿಮೆಯನ್ನು ಬಹುಮಟ್ಟಿಗೆ ಎಲ್ಲರಿಗೂ ಮುಟ್ಟಿಸಿ, ವೆಚ್ಚವೆಂಬ ನಾಲ್ಕನೆಯ ಪ್ರಶ್ನೆಯ ಮುಂದೆ ನಿಂತಿದೆ.

ಇಂದು ಅಮೆರಿಕದ ಬೇಕರಿಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವಿನ ನೆಪದಿಂದ ಸಣ್ಣ ಗುಂಪಿನ ಕಂತನ್ನು ಕಂಪನಿಯು ಏರಿಸಲಾರದು. ಜೊತೆಗಾರರು ಆ ತಾಯಿಯ ಮುಖವನ್ನು ನೋಡುವಾಗ ಲೆಕ್ಕ ಹಾಕಬೇಕಾಗಿಲ್ಲ. ಶಾಸನವು ಗಳಿಸಿಕೊಟ್ಟ ಈ ಫಲ ಅಲ್ಪವಲ್ಲ. ಆದರೆ ಅದೇ ಬೇಕರಿಯ ಮಾಲೀಕನಿಗೆ ವಿಮೆಯನ್ನು ಕೊಡುವ ಕಟ್ಟಿಲ್ಲದಿರುವುದರಿಂದ, ಸಾಮಾನ್ಯ ಕಂತನ್ನೂ ತೆರಲಾರದೆ ಅವನು ಇಡೀ ಗುಂಪಿನ ವಿಮೆಯನ್ನೇ ಕೈಬಿಡುವ ದಾರಿಯೂ ತೆರೆದೇ ಇದೆ; ಇನ್ನು ಮುಂದಿನ ಶಾಸನಗಳು ನಿಲ್ಲಬೇಕಾದ ಸ್ಥಳ ಆ ದಾರಿಯ ಬಾಯಿ.